‘ನಮ್ಮವರು’ ಎಂದರೆ ಯಾರು

ಆ ಕೆಲಸ ಫೋನಿನಲ್ಲಿ ಬಂತು. “ರಷ್ಯನ್, ಒಂದು ಕುಟುಂಬ, ಬೆಳಗಿನ ವಿಚಾರಣೆ. ಬರುತ್ತೀರಾ?” ಎಂದು ನಿರಾಶ್ರಿತರ ಅರ್ಜಿಗಳನ್ನು ವಿಚಾರಿಸುವ ಕಚೇರಿಯ ಗುಮಾಸ್ತೆ ಕೇಳಿದಳು. ದುಭಾಷಿಗೆ ಅದಕ್ಕಿಂತ ಹೆಚ್ಚು ಹೇಳುವ ಪದ್ಧತಿಯಿಲ್ಲ. ಬಂದವರು ಯಾರು, ಅವರಿಗೆ ಏನಾಯಿತು ಎನ್ನುವುದೆಲ್ಲ ಕೋಣೆಯೊಳಗೆ ಕೂತ ಮೇಲೆ, ಅವರ ಬಾಯಿಂದಲೇ ತಿಳಿಯಬೇಕು.

ನ್ಯೂಯಾರ್ಕಿನ ಅವಳಿ ಗೋಪುರಗಳು ಬಿದ್ದ ಮರುವರ್ಷದ ಚಳಿಗಾಲ. ಕೆನಡಾದ ಥಾರ್ನ್‌ಹಿಲ್‌ನ ಮನೆಯಿಂದ ಬಸ್ಸು, ಆಮೇಲೆ ಸಬ್‌ವೇ ರೈಲು ಹಿಡಿದು ಪೇಟೆಗೆ ಹೋದೆ. ನಮ್ಮ ಕಡೆಯ ಬಸ್ಸಿನಲ್ಲಿ ಆಗ ಇಂಗ್ಲಿಷಿಗಿಂತ ರಷ್ಯನ್ನೇ ಹೆಚ್ಚು ಕೇಳಿಸುತ್ತಿತ್ತು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಬಂದವರು ಸ್ಟೀಲ್ಸ್ ರಸ್ತೆಯ ಆಚೆ ಈಚೆ ತುಂಬಿದ್ದರು. ಮಾಸ್ಕೋದಲ್ಲಿ ಎಂಜಿನಿಯರಿಂಗ್ ಓದುವಾಗ ಕಲಿತ ಭಾಷೆ, ನನಗೆ ಈ ದೇಶದಲ್ಲಿ ಎಂಜಿನಿಯರಿಂಗ್‌ಗಿಂತ ಹೆಚ್ಚು ಕೆಲಸಕ್ಕೆ ಬಂದಿತ್ತು.

ಕಿಟಕಿಯಿಲ್ಲದ ಸಣ್ಣ ಕೋಣೆ. ಎದುರಿಗೆ ತೀರ್ಪು ಕೊಡುವ ಮಂಡಳಿಯ ಸದಸ್ಯೆ, ಕನ್ನಡಕ ಹಾಕಿದ, ಮಿತಭಾಷಿ ಹೆಂಗಸು. ಎಡಕ್ಕೆ ಸರ್ಕಾರಿ ನೆರವಿನಿಂದ ನೇಮಕವಾದ ಪಂಜಾಬಿ ವಕೀಲ, ಇನ್ನೂ ಚಿಕ್ಕ ವಯಸ್ಸು. ಅವನ ಪಕ್ಕದಲ್ಲಿ ಅರ್ಜಿದಾರರು: ಒಬ್ಬ ವೃದ್ಧರು, ಅವರ ಸೊಸೆ. ಸೊಸೆಯ ಪುಟ್ಟ ಮಗಳನ್ನು ಹೊರಗೆ ಪರಿಚಯದವರೊಬ್ಬರ ಬಳಿ ಬಿಟ್ಟಿದ್ದರು. ರಷ್ಯದ ವಿರುದ್ಧ ಮುಸ್ಲಿಂ ಬಂಡುಕೋರರು ಕಾದಾಡುತ್ತಿದ್ದ ಚೆಚೆನ್ಯಾದವರು. ಆ ಹೆಸರು ಕೇಳಿದ ಕೂಡಲೇ ಕೋಣೆಯಲ್ಲಿ ಏನೋ ಬಿಗಿದುಕೊಂಡಿತು ಅನ್ನಿಸಿತು. ಆ ವರ್ಷ ಆ ಹೆಸರು ಹಾಗಿತ್ತು.

ವಿಚಾರಣೆಗೆ ಮುಂಚೆ ದುಭಾಷಿಯೂ ಅರ್ಜಿದಾರರೂ ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಹವಾಮಾನ, ಪ್ರಯಾಣ, ಇಂಥ ನಿರಪಾಯದ ಮಾತು ಮಾತ್ರ. ನಾನು ಎರಡು ವಾಕ್ಯ ಆಡಿದೆ. ವೃದ್ಧರು ತಲೆಯೆತ್ತಿ ನೋಡಿದರು.

“ನಿಮ್ಮದು ರೇಡಿಯೋದಲ್ಲಿ ವಾರ್ತೆ ಓದುವವರ ರಷ್ಯನ್” ಎಂದರು. “ಹಿಂದಿನ ಕಾಲದ್ದು. ನಾನೂ ತರಗತಿಯಲ್ಲಿ ಹಾಗೇ ಮಾತಾಡ್ತಿದ್ದೆ.”

ಅವರು ಚೆಚೆನ್ಯಾದ ರಾಜಧಾನಿ ಗ್ರೋಜ್ನಿಯ ಶಾಲೆಯೊಂದರಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವರು. ಕೋಟಿನೊಳಗೆ ಸ್ವೆಟರು, ಮೇಜಿನ ಮೇಲೆ ಒಂದರ ಮೇಲೊಂದು ಮಡಚಿಟ್ಟ ಕೈಗಳು. ನಿವೃತ್ತಿಯಾಗಿ ವರ್ಷಗಳಾಗಿದ್ದರೂ ಯಾರೋ ಪಾಠ ಶುರುಮಾಡಲಿ ಎಂದು ಕಾಯುವವರಂತೆ ಕೂತಿದ್ದರು.

ದುಭಾಷಿಯ ಕೆಲಸದಲ್ಲಿ ಒಂದು ನಿಯಮವಿದೆ. ಸಾಕ್ಷಿ ‘ನಾನು’ ಎಂದರೆ ನಾವೂ ‘ನಾನು’ ಎನ್ನಬೇಕು. ‘ಅವರು ಹೀಗೆ ಹೇಳುತ್ತಿದ್ದಾರೆ’ ಎನ್ನುವಂತಿಲ್ಲ. ಸೇರಿಸುವಂತಿಲ್ಲ, ಬಿಡುವಂತಿಲ್ಲ, ವಿವರಿಸುವಂತಿಲ್ಲ. ಹಾಗಾಗಿ ಮೊದಲು ಸೊಸೆಯ ಸರದಿ ಬಂದಾಗ, “ತಪಾಸಣೆ ಠಾಣೆಯಲ್ಲಿ ರಷ್ಯದ ಸೈನಿಕರು ನನ್ನ ಗಂಡನನ್ನು ಬಸ್ಸಿನಿಂದ ಇಳಿಸಿದರು, ನಾನು ಕಿಟಕಿಯಿಂದ ನೋಡುತ್ತಿದ್ದೆ” ಎಂದು ಇಂಗ್ಲಿಷಿನಲ್ಲಿ ಹೇಳಿದ್ದು ನಾನು. ಆತ ಮೇಷ್ಟ್ರ ಹಿರಿಯ ಮಗ. ಆ ದಿನದಿಂದ ಅವನ ಸುದ್ದಿಯಿಲ್ಲ. ಠಾಣೆಯಿಂದ ಠಾಣೆಗೆ ಅಲೆದರು, ಸೈನ್ಯದ ಶಿಬಿರಗಳ ಗೇಟಿನಲ್ಲಿ ನಿಂತರು. ಯಾರೂ ಅವನನ್ನು ಕಂಡಿರಲಿಲ್ಲ. ಈಗ ಮೂವರೂ ವಿಮಾನ ನಿಲ್ದಾಣದ ಪಕ್ಕದ ಮಾಲ್ಟನ್‌ನಲ್ಲಿ ಒಂದು ಬೇಸ್‌ಮೆಂಟಿನಲ್ಲಿ ಇದ್ದಾರೆ. ವಿಮಾನಗಳು ತಲೆಯ ಮೇಲೇ ಇಳಿಯುತ್ತವೆ. ಪ್ರತಿ ವಿಮಾನಕ್ಕೂ ಮಗಳು ಮೇಜಿನ ಕೆಳಗೆ ಹೋಗುತ್ತಾಳೆ.

“ಬೇರೆ ಕಡೆ ಮನೆ ನೋಡಬಹುದಿತ್ತಲ್ಲ?” ಎಂದು ಸದಸ್ಯೆ ಮೃದುವಾಗಿಯೇ ಕೇಳಿದರು.

“ನಾವು ಇಲ್ಲಿಗೆ ಬಂದಿಳಿದದ್ದೇ ಅಲ್ಲಿ. ಬೇರೆ ಊರು ಗೊತ್ತಿರಲಿಲ್ಲ” ಎಂದಳು ಆಕೆ.

ಮಧ್ಯಾಹ್ನ ಮೇಷ್ಟ್ರ ಸರದಿ. ವಕೀಲ ಬಾಲ್ಯದಿಂದ ಶುರುಮಾಡಿದ. ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿದ್ದ ಚಳಿಗಾಲದಲ್ಲಿ, ಶತ್ರುವಿಗೆ ನೆರವಾದರು ಎಂಬ ಆರೋಪ ಹೊರಿಸಿ, ಅವರ ಇಡೀ ಜನಾಂಗವನ್ನು ಗೂಡ್ಸ್ ಬಂಡಿಗಳಿಗೆ ತುಂಬಿ ಕಜಾಕ್‌ಸ್ತಾನಕ್ಕೆ ಸಾಗಿಸಿದ್ದರು. ಆಗ ಇವರು ಪುಟ್ಟ ಹುಡುಗ. ತಂಗಿ ಬಂಡಿಯಲ್ಲೇ ತೀರಿಕೊಂಡಳು. ರೈಲು ನಿಂತಾಗ ಹೆಣಗಳನ್ನು ಹಿಮದ ಮೇಲೆ ಇಳಿಸಬೇಕಾಗಿತ್ತು. ಹೂಳುವುದಕ್ಕೆ ಹೊತ್ತು ಕೊಡುತ್ತಿರಲಿಲ್ಲ. ಅವರು ಇದನ್ನು ತೀರ ಸಮತಲವಾದ ದನಿಯಲ್ಲಿ, ವಾಕ್ಯ ಮುಗಿಸಿ, ನನಗಾಗಿ ಕಾದು, ಮತ್ತೆ ಮುಂದಿನ ವಾಕ್ಯ ಶುರುಮಾಡಿ ಹೇಳಿದರು. ನಾನು ಕಂಡ ಅತ್ಯುತ್ತಮ ಸಾಕ್ಷಿ ಅವರು. ಉಕ್ತಲೇಖನ ಕೊಟ್ಟು ರೂಢಿಯಿದ್ದವರು.

“ನಿಮ್ಮವರಿಗೆ ಊರಿಗೆ ಮರಳಲು ಬಿಟ್ಟ ಮೇಲೆ ನೀವು ಇತಿಹಾಸ ಕಲಿಸಿದಿರಿ. ಈ ಗಡೀಪಾರಿನ ಬಗ್ಗೆಯೂ ಕಲಿಸಿದಿರಾ?” ಎಂದು ವಕೀಲ ಕೇಳಿದ.

“ಪುಸ್ತಕದಲ್ಲಿ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಪುಸ್ತಕದಲ್ಲಿ ಇದ್ದದ್ದನ್ನು ಕಲಿಸಿದೆ.”

ಆಮೇಲೆ, ಸೋವಿಯತ್ ಒಕ್ಕೂಟ ಒಡೆದ ಮೇಲೆ ರಷ್ಯ ಚೆಚೆನ್ಯಾದ ಮೇಲೆ ಮಾಡಿದ ಮೊದಲನೇ ಯುದ್ಧದ ಕಾಲಕ್ಕೆ ಬಂದರು. ಊರು ಉರಿಯುತ್ತಿದ್ದ ಆ ಚಳಿಗಾಲ ಮನೆಯಲ್ಲಿ ಏನಾಯಿತು ಎಂಬ ಪ್ರಶ್ನೆಗೆ ಅವರು, “ಒಂದು ಮುಂಜಾನೆ ನಮ್ಮವರು ಬಂದರು. ಹಸಿದಿದ್ದರು. ಬಾಗಿಲು ತೆರೆದೆ. ನೆಲಮಾಳಿಗೆಯಿಂದ ಆಲೂಗಡ್ಡೆ ತಂದು ಬೇಯಿಸಿ ಕೊಟ್ಟೆ. ಒಬ್ಬನಿಗೆ ನನ್ನ ಮಗನ ಬೂಟು ಕೊಟ್ಟೆ” ಎಂದರು.

ರಷ್ಯನ್ನಿನಲ್ಲಿ ಅವರು ಬಳಸಿದ್ದು ‘ನಾಶಿ’. ನಮ್ಮವರು. ನಾನು ಇಂಗ್ಲಿಷಿನಲ್ಲಿ ಅದನ್ನು ಇದ್ದದ್ದು ಇದ್ದ ಹಾಗೆಯೇ ಹೇಳಿದೆ. ಸದಸ್ಯೆಯ ಪೆನ್ನು ನಿಂತಿತು.

“ನಿಮ್ಮ ಅರ್ಜಿಯಲ್ಲಿ, ಬಂಡುಕೋರರಿಗೆ ಯಾವತ್ತೂ ಯಾವ ನೆರವನ್ನೂ ಕೊಟ್ಟಿಲ್ಲ ಎಂದು ಬರೆದಿದ್ದೀರಿ. ಈಗ ಅವರಿಗೆ ಊಟ, ಬೂಟು ಕೊಟ್ಟೆ ಎನ್ನುತ್ತಿದ್ದೀರಿ. ನಿಮ್ಮ ಕಿರಿಯ ಮಗ ಅವರ ಜೊತೆ ಸೇರಿದ್ದಾನೆ ಎಂಬುದೂ ಕಡತದಲ್ಲಿದೆ.”

ನಾನು ಅದನ್ನು ರಷ್ಯನ್ನಿಗೆ ತಂದೆ. ಮೇಷ್ಟ್ರು ಗೊಂದಲದಿಂದ ನನ್ನನ್ನು ನೋಡಿದರು. “ಅರ್ಜಿಯಲ್ಲಿ ಬರೆದದ್ದು ನಿಜ. ಈಗ ಹೇಳಿದ್ದೂ ನಿಜ” ಎಂದರು. ಅಷ್ಟೇ. ಅವರಿಗೆ ಪ್ರಶ್ನೆ ಎಲ್ಲಿಂದ ಹುಟ್ಟಿತು ಎಂಬುದೇ ತಿಳಿದಿರಲಿಲ್ಲ. ಸದಸ್ಯೆ ಗಡಿಯಾರ ನೋಡಿ, ಮುಂದಿನ ವಾರಕ್ಕೆ ಮುಂದೂಡಿ ಎದ್ದರು.

ಕಾರಿಡಾರಿನಲ್ಲಿ ವಕೀಲ ನನ್ನ ಹಿಂದೆಯೇ ಬಂದ. ಬೇರೆಯವರಿಗೆ ತಿಳಿಯದಿರಲೆಂದು ಹಿಂದಿಯಲ್ಲಿ ಶುರುಮಾಡಿದ. “ದೀದಿ, ಆಪ್ ಹೀ ಬತಾಯಿಯೇ, ನೀವೇ ಹೇಳಿ, ಈ ಮನುಷ್ಯ ಯಾಕೆ ಹೀಗೆ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕ್ಕೊಂಡ?”

“ನಾನು ನಿಮ್ಮ ಹತ್ತಿರ ಈ ವಿಷಯ ಮಾತಾಡೋ ಹಾಗಿಲ್ಲ” ಎಂದೆ. ಅವನಿಗೂ ಅದು ಗೊತ್ತಿತ್ತು. ಲಿಫ್ಟಿನ ಬಾಗಿಲು ಮುಚ್ಚುವವರೆಗೂ ನನ್ನ ಮುಖವನ್ನೇ ನೋಡುತ್ತ ನಿಂತಿದ್ದ.

ಆ ವಾರವೆಲ್ಲ ಮೇಷ್ಟ್ರ ಆ ಗೊಂದಲದ ಮುಖ ನನ್ನ ಕಣ್ಣಿಂದ ಮರೆಯಾಗಲಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದವರ ಮುಖ ನಾನು ಬೇಕಾದಷ್ಟು ನೋಡಿದ್ದೆ. ಅದು ಹಾಗಿರುವುದಿಲ್ಲ.

ರವಿವಾರ ಓಕ್‌ವಿಲ್‌ಗೆ, ನನ್ನ ಸೋದರಮಾವನ ಮನೆಗೆ ಹೋದೆ. ಮಾಮಾ ಹುಬ್ಬಳ್ಳಿಯವರು, ಕೆನಡಾಕ್ಕೆ ಮೊದಮೊದಲು ಬಂದ ಡಾಕ್ಟರುಗಳಲ್ಲಿ ಒಬ್ಬರು, ಆಗಲೇ ನಿವೃತ್ತರು. ಓದುವ ದಿನಗಳಲ್ಲಿ ಕಟ್ಟಾ ಕಮ್ಯುನಿಸ್ಟರು. ನನ್ನನ್ನು ಮಾಸ್ಕೋಗೆ ಕಳಿಸಲು ಅಪ್ಪನನ್ನು ಒಪ್ಪಿಸಿದವರೂ ಅವರೇ. ಸರೋವರ ಕಾಣುವ ಅವರ ದಿವಾನಖಾನೆಯ ಕಪಾಟಿನಲ್ಲಿ ಸೋವಿಯತ್ ಕಾಲದ ಕನ್ನಡ ಪುಸ್ತಕಗಳು ಇನ್ನೂ ಸಾಲಾಗಿ ನಿಂತಿದ್ದವು. ಟೀವಿಯ ವಾರ್ತೆಯಲ್ಲಿ ಗ್ರೋಜ್ನಿಯ ಮುರಿದ ಕಟ್ಟಡಗಳನ್ನು ತೋರಿಸುತ್ತಿದ್ದರು.

“ನೋಡವಾ, ಒಕ್ಕೂಟ ಒಡದ ಮ್ಯಾಲೆ ಏನಾತು ಅಂತ” ಎಂದರು ಮಾಮಾ. “ಗಡ್ಡಾ ಬಿಟ್ಕೊಂಡು ಬಂದೂಕ ಹಿಡದ ಮಂದಿ ಎಲ್ಲಾ ಕಡೆ. ಆವಾಗ ಇದ್ರೇನು ಇವ್ರು? ಸಾಲಿ ಇತ್ತು, ದವಾಖಾನಿ ಇತ್ತು, ಕೈತುಂಬ ಕೆಲಸಾ ಇತ್ತು.”

“ಅಷ್ಟ ಅಲ್ಲ ಮಾಮಾ. ಆ ಮಂದೀನ ಊರಿಗೆ ಊರ ಎಬ್ಬಿಸಿ ರೈಲಿನ್ಯಾಗ ತುಂಬಿ ಕಳಿಸಿದ್ರು. ಆಮ್ಯಾಲೆ ಅದರ ಸುದ್ದಿನ ಎತ್ತಧಂಗ ಮಾಡಿದ್ರು.”

“ಯುದ್ಧದ ಟೈಮಿನ್ಯಾಗ ಎಲ್ಲಾ ದೇಶಾನೂ ತಪ್ಪು ಮಾಡ್ಯಾವು. ಈ ಕೆನಡಾದವ್ರು ಜಪಾನೀಸ್ ಮಂದೀನ ಕ್ಯಾಂಪಿಗೆ ಹಾಕಲಿಲ್ಲೇನು?”

“ಇಲ್ಲಿ ಅದನ್ನ ತಪ್ಪಾತು ಅಂತ ಒಪ್ಪಿಕೊಂಡ್ರಲ್ಲ, ಮಾಮಾ. ಪುಸ್ತಕದಾಗ ಬರದ್ರು.”

ಮಾಮಾಗೆ ಸಿಟ್ಟು ಬಂತು. ಚಹಾದ ಕಪ್ಪು ಕೆಳಗಿಟ್ಟರು. “ನಾಜಿಗಳ ಸೊಂಟಾ ಮುರದವ್ರು ಯಾರು ಹೇಳು? ನಮ್ಮವ್ರು ಬರ್ಲಿನ್ ಮುಟ್ಟಿದ ಸುದ್ದಿ ಬಂದಾಗ ನಾ ಇನ್ನೂ ಚೊಣ್ಣಾ ಹಾಕ್ಕೊಂಡು ಸಾಲಿಗೆ ಹೋಗ್ತಿದ್ದೆ. ನಮ್ಮಪ್ಪ ಓಣಿಗೆಲ್ಲಾ ಪೇಢೆ ಹಂಚಿದ್ದ!”

ನಾನು ಟೀವಿಯ ದನಿ ತಗ್ಗಿಸಿದೆ. ಆಮೇಲೆ ಕೇಳಿದೆ. “ನಮ್ಮವ್ರು ಅಂದ್ರ ಯಾರು ಮಾಮಾ?”

“ಯಾರಂದ್ರ? ರೆಡ್ ಆರ್ಮಿ! ಇದೇನ ಕೇಳ್ತಿ?”

ಹುಬ್ಬಳ್ಳಿಯ ಓಣಿಯಲ್ಲಿ ಬೆಳೆದ, ರಷ್ಯದ ನೆಲವನ್ನು ಎರಡು ಸಲ ಪ್ರವಾಸದಲ್ಲಿ ಮೆಟ್ಟಿದ ಮನುಷ್ಯ, ಮಾಸ್ಕೋದ ಸೈನ್ಯವನ್ನು ‘ನಮ್ಮವರು’ ಎನ್ನುತ್ತಿದ್ದರು. ಆ ಮೇಷ್ಟ್ರು ಜೀವಮಾನವಿಡೀ ತರಗತಿಯಲ್ಲಿ ಆ ಶಬ್ದವನ್ನು ಅದೇ ಅರ್ಥದಲ್ಲಿ ಉಚ್ಚರಿಸಿದವರು. ‘ನಮ್ಮವರು ನದಿ ದಾಟಿದರು, ನಮ್ಮವರು ನಗರ ಬಿಡಿಸಿಕೊಂಡರು.’ ಮಹಾಯುದ್ಧದ ಮಾತಿನಲ್ಲಿ ಆ ಅರ್ಥ ನನಗೂ ಗೊತ್ತಿತ್ತು. ಆದರೆ ಅದೇ ಸೈನ್ಯ ಊರನ್ನು ಸುಡುತ್ತಿರುವಾಗ ಒಬ್ಬ ಚೆಚೆನ್ ಹಾಗೆನ್ನಬಹುದು ಎಂದು ನನಗಾಗಲಿ, ಆ ಕೋಣೆಯ ಬೇರೆ ಯಾರಿಗಾಗಲಿ ಹೊಳೆದಿರಲಿಲ್ಲ. ಮೇಷ್ಟ್ರ ಮನೆ ಬಾಗಿಲಿಗೆ ಬಂದ ಹಸಿದವರು ಬಂಡುಕೋರರಾಗಿರದೆ ರಷ್ಯದ ಸೈನಿಕರಾಗಿದ್ದರೆ?

ಮಾಮಾಗೆ ಏನೂ ಹೇಳುವಂತಿರಲಿಲ್ಲ. ವಿಚಾರಣೆಯ ಮಾತು ಹೊರಗೆ ಆಡುವುದು ನಿಷಿದ್ಧ. “ಯಾಕವಾ, ಒಮ್ಮಿಂದೊಮ್ಮೆಲೆ ಗಪ್ ಆದಿ? ನಾ ಜೋರ ಮಾತಾಡಿದ್ನೇನು?” ಎಂದು ಅವರೇ ನೊಂದುಕೊಂಡರು. ಇಲ್ಲ ಎಂದು ಅವರ ಕೈ ಹಿಡಿದೆ. ಈಚೆಗೆ ನಾನು ಅವರ ಆ ಸೋವಿಯತ್ ದೇಶದ ವಿರುದ್ಧ ಮಾತಾಡಿದಾಗಲೆಲ್ಲ ಅವರು ಇನ್ನಷ್ಟು ಮುದುಕರಾದಂತೆ ಕಾಣುತ್ತಿದ್ದರು. ಅವರಿಗೆ ಉಳಿದಿದ್ದ ದೇಶ ಆ ಕಪಾಟಿನಷ್ಟೇ.

ಮುಂದಿನ ದಿನಗಳು ಲೆಕ್ಕಾಚಾರದಲ್ಲೇ ಕಳೆದವು. ವಕೀಲನಿಗೆ ಗುಟ್ಟಾಗಿ ಹೇಳಿದರೆ ಅದು ಪಕ್ಷಪಾತ. ಎದ್ದುನಿಂತು ‘ಅವರ ಮಾತಿನ ಅರ್ಥ ಇದು’ ಎಂದರೆ ಅದು ನನ್ನ ಸಾಕ್ಷ್ಯವಾಗುತ್ತದೆ, ಅವರದಲ್ಲ. ನನ್ನ ಅನುವಾದದಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಲು ದಾರಿಯಿದೆ. ತಪ್ಪಿಲ್ಲದ ಅನುವಾದವನ್ನು ತಿದ್ದುವುದಕ್ಕೆ ದಾರಿಯಿಲ್ಲ. ಎಲ್ಲಕ್ಕಿಂತ ದೊಡ್ಡ ಭಯ ಬೇರೆ. ನನ್ನ ಊಹೆಯೇ ಸುಳ್ಳಾಗಿದ್ದರೆ? ಪ್ರಶ್ನೆ ಕೇಳಿಸಿದ ಮೇಲೆ ಮೇಷ್ಟ್ರು “ಹೌದು, ನನ್ನ ಮಗನ ಜೊತೆಯವರು” ಎಂದುಬಿಟ್ಟರೆ, ಮಂಜುಮಂಜಾಗಿ ಉಳಿಯಬಹುದಾಗಿದ್ದ ಮಾತು ನನ್ನಿಂದಲೇ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಆ ಮಗುವನ್ನೂ ಸೇರಿಸಿ ಮೂವರನ್ನೂ ವಾಪಸು ಕಳಿಸಬಹುದು. ಸುಮ್ಮನಿದ್ದರೆ ನನ್ನ ಮೇಲೆ ಯಾವ ಮಾತೂ ಬರುವುದಿಲ್ಲ. ನಿಯಮ ನನ್ನ ಕಡೆಗಿತ್ತು.

ಎರಡನೇ ಬೈಠಕ್ಕು ಶುರುವಾಯಿತು. ಸದಸ್ಯೆ ಕಡತ ತೆರೆದು, “ಹಿಂದಿನ ಹೇಳಿಕೆಯಲ್ಲಿ ವಿರೋಧಾಭಾಸವಿದೆ. ಅಲ್ಲಿಂದ ಮುಂದುವರಿಯೋಣ” ಎಂದರು. ಆಗ ನಾನು ಕೈ ಎತ್ತಿದೆ. ಇಂಥ ಹೊತ್ತಿನಲ್ಲಿ ದುಭಾಷಿ ತನ್ನ ಬಗ್ಗೆ ತಾನೇ ಮೂರನೆಯವಳಂತೆ ಮಾತಾಡಬೇಕು.

“ದುಭಾಷಿ ಒಂದು ಮಾತನ್ನು ದಾಖಲೆಗೆ ಸೇರಿಸಲು ಅನುಮತಿ ಕೇಳುತ್ತಾಳೆ.”

“ಹಿಂದಿನ ವಾರ ನೀವು ತಪ್ಪಾಗಿ ಅನುವಾದಿಸಿದಿರಾ?” ಸದಸ್ಯೆಯ ದನಿ ತಣ್ಣಗಿತ್ತು.

“ಇಲ್ಲ. ಅವರು ಹೇಳಿದ ಶಬ್ದ ‘ನಮ್ಮವರು’. ಅನುವಾದ ಸರಿಯಾಗಿದೆ. ಆದರೆ ರಷ್ಯನ್ ಮಾತಾಡುವವರ ಬಾಯಲ್ಲಿ ಆ ಶಬ್ದ ಒಂದಕ್ಕಿಂತ ಹೆಚ್ಚು ಪಕ್ಷಗಳಿಗೆ ಅನ್ವಯಿಸಬಹುದು. ಇಲ್ಲಿ ಯಾರಿಗೆ ಎಂಬುದು ದುಭಾಷಿಗೆ ಗೊತ್ತಿಲ್ಲ. ಅವರನ್ನೇ ಕೇಳಬಹುದೆ ಎಂಬುದಷ್ಟೇ ವಿನಂತಿ.”

ಸದಸ್ಯೆ ಕಡತದಲ್ಲಿ ಏನೋ ಬರೆದುಕೊಂಡರು. “ಇದು ದುಭಾಷಿಯ ಕೆಲಸವಲ್ಲ” ಎಂದರು. ಆಮೇಲೆ ಮೇಷ್ಟ್ರ ಕಡೆ ತಿರುಗಿ ಕೇಳಿದರು. “ಆ ಮುಂಜಾನೆ ನಿಮ್ಮ ಮನೆಗೆ ಬಂದ ‘ನಮ್ಮವರು’ ಎಂದರೆ ಯಾರು?”

ನಾನು ಅದನ್ನು ರಷ್ಯನ್ನಿನಲ್ಲಿ ಕೇಳಿದೆ.

“ಸೈನಿಕರು” ಎಂದರು ಅವರು, ಇದರಲ್ಲಿ ಕೇಳುವುದೇನಿದೆ ಎಂಬಂತೆ. “ರಷ್ಯದ ಹುಡುಗರು. ಮೀಸೆ ಮೂಡದ ಹುಡುಗರು. ಅವರನ್ನು ಯಾರೋ ನಕ್ಷೆಯೂ ಇಲ್ಲದೆ ನಮ್ಮ ಊರೊಳಗೆ ಕಳಿಸಿಬಿಟ್ಟಿದ್ದರು. ಒಬ್ಬನ ಕಾಲಿಗೆ ಚಿಂದಿ ಸುತ್ತಿತ್ತು.”

ವಕೀಲ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

“ನಿಮ್ಮ ಹಿರಿಯ ಮಗನನ್ನು ಬಸ್ಸಿನಿಂದ ಇಳಿಸಿಕೊಂಡು ಹೋದವರು?” ಎಂದು ಸದಸ್ಯೆ ಕೇಳಿದರು.

“ಅವರೂ ನಮ್ಮವರೇ” ಎಂದರು. ಎಂದವರು ಅಲ್ಲೇ ನಿಂತರು. ಆ ಶಬ್ದ ತಮ್ಮ ಬಾಯಿಂದ ಬಂದದ್ದನ್ನು ಮೊದಲ ಸಲ ಕೇಳಿಸಿಕೊಂಡವರ ಹಾಗೆ. ಮಡಚಿದ ಕೈಗಳು ಬಿಚ್ಚಿಕೊಂಡವು.

ಆಮೇಲೆ ಕೇಳದೆಯೇ ಅವರು ಕಿರಿಯ ಮಗನ ವಿಷಯ ಹೇಳಿದರು. ನಾನು ಒಂದೊಂದೇ ವಾಕ್ಯ ಇಂಗ್ಲಿಷಿಗೆ ಇಳಿಸುತ್ತ ಹೋದೆ.

“ಅವನು ನನ್ನದೇ ತರಗತಿಯಲ್ಲಿ ಓದಿದ. ಎಲ್ಲೆಡೆ ಮಾತಿನ ಮೇಲಿನ ಕಟ್ಟು ಸಡಿಲವಾಗಲು ಶುರುವಾಗಿದ್ದ ವರ್ಷಗಳು ಅವು. ಒಂದು ದಿನ ಎದ್ದುನಿಂತು ಕೇಳಿದ, ‘ನೀವು ಬೆಳೆದದ್ದು ಎಲ್ಲಿ? ಅಜ್ಜಿ ಹೇಳುವ ರೈಲು ಪುಸ್ತಕದಲ್ಲಿ ಯಾಕಿಲ್ಲ?’ ಅಂತ. ಪಾಠದಲ್ಲಿ ಇರೋದನ್ನ ಓದು, ಕೂತ್ಕೋ ಅಂದೆ. ಅವನು ಕೂತ. ಆಮೇಲೆ ನನ್ನನ್ನು ಏನೂ ಕೇಳಲಿಲ್ಲ. ಯುದ್ಧ ಬಂತು. ಅರಬ್ ದೇಶಗಳಿಂದ ಬಂದವರು ಮಸೀದಿಯ ಹಿಂದೆ ಪಾಠ ಶುರುಮಾಡಿದರು. ನಾನು ಹೇಳಬೇಕಾಗಿದ್ದ ನಿಜವನ್ನು ಅವನಿಗೆ ಅವರು ಹೇಳಿದರು. ನಿಜದ ಜೊತೆಗೆ ತಮ್ಮದನ್ನೂ ಬೆರೆಸಿ ಹೇಳಿದರು. ಅವನು ಗಡ್ಡ ಬಿಟ್ಟ. ಮನೆಯಲ್ಲಿದ್ದ ಅಜ್ಜಿಯ ಫೋಟೋವನ್ನು, ಚಿತ್ರ ಇಡುವುದು ಪಾಪ ಅಂತ, ತೆಗೆದುಹಾಕಿದ. ಹೋಗುವಾಗ ನನಗೆ ಹೇಳಿದ, ‘ಅಪ್ಪಾ, ನಿಮ್ಮವರು ಯಾರು ಅಂತ ನಿಮಗೇ ಗೊತ್ತಿಲ್ಲ’ ಅಂತ.”

“ಅವನು ಮಾಡಿದ್ದನ್ನು ನೀವು ಖಂಡಿಸುತ್ತೀರಾ?” ಎಂದು ಸದಸ್ಯೆ ಕೇಳಿದರು. ಆ ವರ್ಷ ಆ ಪ್ರಶ್ನೆ ಕೇಳದೆ ಅವರಿಗೆ ವಿಧಿಯಿರಲಿಲ್ಲ.

“ಅವನು ಕೊಂದಿದ್ದರೆ, ಆ ಕೊಲೆಯನ್ನು ಖಂಡಿಸುತ್ತೇನೆ. ಅವನಿಗೆ ಕೂತ್ಕೋ ಅಂದವನು ನಾನೇ.”

ಅನುವಾದಿಸುವಾಗ ನನ್ನ ದನಿ ನಡುಗಿತು. ನಡುಗಬಾರದು. ಅದೂ ಒಂದು ಸೇರ್ಪಡೆಯೇ.

ಬೈಠಕ್ಕು ಮುಗಿಯಿತು. ತೀರ್ಪು ಕಾಯ್ದಿರಿಸಿದರು. ಕೆಲವು ದಿನಗಳ ಮೇಲೆ ಗುಮಾಸ್ತೆ ಫೋನ್ ಮಾಡಿ, ದುಭಾಷಿ ತನ್ನ ಮಿತಿಯಲ್ಲಿರಬೇಕು ಎಂದು ನನ್ನ ಕಡತದಲ್ಲಿ ಟಿಪ್ಪಣಿ ಬಂದಿದೆ ಎಂದಳು. ಕೆಲಕಾಲ ಕೆಲಸ ವಿರಳವಾಯಿತು. ಅದನ್ನು ನಾನು ಅನ್ಯಾಯ ಎನ್ನಲಾರೆ. ದುಭಾಷಿಗಳೆಲ್ಲ ಕೈ ಎತ್ತಲು ಶುರುಮಾಡಿದರೆ ಆ ಕೋಣೆಗಳು ನಡೆಯುವುದಿಲ್ಲ. ಮಾಮಾ ಕೆಲ ವರ್ಷಗಳ ಮೇಲೆ ತೀರಿಕೊಂಡರು. ತಮ್ಮ ಬಾಯಿಂದ ಜಾರಿದ ಒಂದು ಶಬ್ದ, ತಾವು ಗಡ್ಡದವರೆಂದು ಬೈಯುತ್ತಿದ್ದ ಜನರ ನಡುವಿನ ಒಬ್ಬ ಮುದುಕನ ಪಾಲಿಗೆ ಏನಾಯಿತು ಎಂಬುದು ಅವರಿಗೆ ಕೊನೆಗೂ ಗೊತ್ತಾಗಲಿಲ್ಲ.

ತೀರ್ಪು ಏನಾಯಿತೆಂದು ದುಭಾಷಿಗೆ ಯಾರೂ ತಿಳಿಸುವುದಿಲ್ಲ. ಎರಡು ಚಳಿಗಾಲ ಕಳೆದ ಮೇಲೆ ಥಾರ್ನ್‌ಹಿಲ್‌ನ ರಷ್ಯನ್ ಅಂಗಡಿಯಲ್ಲಿ, ಬ್ರೆಡ್ಡಿನ ಕಪಾಟಿನ ಎದುರು, ಸೊಸೆಯೇ ನನ್ನನ್ನು ಗುರುತಿಸಿದಳು. ಮೂವರಿಗೂ ಆಶ್ರಯ ಸಿಕ್ಕಿತ್ತು. ಈಗ ಹತ್ತಿರದಲ್ಲೇ ಒಂದು ಎತ್ತರದ ಕಟ್ಟಡದಲ್ಲಿ ಮನೆ. ಗಂಡ ಸಿಗಲೇ ಇಲ್ಲ. ಮೈದುನ ಬೆಟ್ಟದಲ್ಲೆಲ್ಲೋ ಸತ್ತ ಎಂದು ಸುದ್ದಿ ಬಂತು.

“ನಿಮ್ಮ ಮಾವ?” ಎಂದೆ.

“ಹೋದ ವಸಂತದಲ್ಲಿ ತೀರಿಕೊಂಡರು” ಎಂದಳು. “ಇಲ್ಲಿಗೆ ಬಂದ ಮೇಲೆ ಅವರು ಅಷ್ಟು ಮಾತಾಡಿದ್ದು ಆ ಕೋಣೆಯಲ್ಲಿ ಒಂದೇ ಸಲ. ಆಮೇಲೆ ಮನೆಯಲ್ಲಿ ಮಾತೇ ಇಲ್ಲ.” ಸ್ವಲ್ಪ ತಡೆದು ಕೇಳಿದಳು. “ಅಲ್ಲಿ ಎಲ್ಲವನ್ನೂ ಕ್ಯಾಸೆಟ್ಟಿಗೆ ಇಳಿಸಿಕೊಳ್ತಾರಂತೆ, ಹೌದಾ? ಅವರ ದನಿ ನಮ್ಮ ಹತ್ತಿರ ಎಲ್ಲೂ ಇಲ್ಲ.”

ಅರ್ಜಿದಾರರು ಪ್ರತಿ ಕೇಳಬಹುದು. ಮನವಿ ಬರೆಯಲು ನಾನು ನೆರವಾದೆ. ಪ್ರಕರಣ ಮುಗಿದಿದ್ದರಿಂದ ಅದಕ್ಕೆ ಅಡ್ಡಿಯಿರಲಿಲ್ಲ. ಈ ಬರಹಕ್ಕೂ ಅವಳ ಒಪ್ಪಿಗೆಯಿದೆ. ಕ್ಯಾಸೆಟ್ಟುಗಳು ಬಂದಾಗ ಅವಳು ನನ್ನನ್ನೂ ಕರೆದಳು. ಒಬ್ಬಳೇ ಕೇಳಲಾರೆ ಎಂದಳು.

ಮಗಳು ದೊಡ್ಡವಳಾಗಿದ್ದಳು. ಅಮ್ಮ ರಷ್ಯನ್ನಿನಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು. ಟೇಪ್‌ರೆಕಾರ್ಡರ್ ಅವಳ ಕೈಯಲ್ಲೇ ಇತ್ತು. ಅಜ್ಜನ ದನಿ ಬಂದಾಗ ಸುಮ್ಮನೆ ಕೇಳುವಳು. ಹಿಂದೆಯೇ ನನ್ನ ದನಿ ಬಂದ ಕೂಡಲೇ ಗುಂಡಿಯೊತ್ತಿ ಮುಂದಕ್ಕೆ ಓಡಿಸುವಳು.

“ಅದನ್ನೂ ಕೇಳು. ನಿನಗೆ ಅರ್ಥವಾಗೋದು ಅದೇ” ಎಂದು ತಾಯಿ ಗದರಿದಳು.

“ಅರ್ಥ ಆಮೇಲೆ” ಎಂದಳು ಹುಡುಗಿ, ನನ್ನ ಮುಖ ನೋಡದೆ.

ನನಗೆ ಬೇಸರವಾಗಲಿಲ್ಲ. ಗೂಡ್ಸ್ ಬಂಡಿಗಳು, ಹಿಮ, ಆಲೂಗಡ್ಡೆ, ಎಲ್ಲ ಅವಳಿಗೆ ಅರ್ಧಂಬರ್ಧ ತಿಳಿಯುವ ಭಾಷೆಯಲ್ಲಿ ಸರಿದುಹೋದವು. ಒಂದು ಕಡೆ ಮೇಷ್ಟ್ರು ಕೆಮ್ಮಿದರು. ಕೆಮ್ಮು ನಿಂತ ಮೇಲೆ ವಕೀಲನ ಹತ್ತಿರ, ತುಂಬ ಸಂಕೋಚದಿಂದ, ಸ್ವಲ್ಪ ನೀರು ಕೊಡ್ತೀರಾ ಎಂದು ಕೇಳಿದರು. ಗ್ಲಾಸು ಮೇಜಿಗೆ ತಾಗಿದ ಸದ್ದು. ಆಮೇಲೆ, ಧನ್ಯವಾದ.

“ಇದು ನಂಗೆ ಅರ್ಥ ಆಯ್ತು!” ಎಂದಳು ಹುಡುಗಿ ಇಂಗ್ಲಿಷಿನಲ್ಲಿ. “ಅಜ್ಜ ನೀರು ಕೇಳ್ತಿದ್ದಾನೆ.”

ಟೇಪನ್ನು ಹಿಂದಕ್ಕೆ ತಿರುಗಿಸಿದಳು. ಅಜ್ಜ ಮತ್ತೆ ನೀರು ಕೇಳಿದ. ಮತ್ತೆ ತಿರುಗಿಸಿದಳು. ಸೊಸೆ ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಬಹಳ ಹೊತ್ತು ಅದು ನಿಲ್ಲಲಿಲ್ಲ.